ಕರಿಯನ ಮಂಡಿ, ಕಕ್ಕಡದ ಮಳೆ

ಮ್ಯಾಂಚೆಸ್ಟರ್‌ನಲ್ಲಿ ಮಳೆ ಜಾಸ್ತಿ ಅಂತ ಇಲ್ಲಿಯವರು ಗೊಣಗುವಾಗ ನನಗೆ ನಗು ಬರುತ್ತದೆ. ಇಲ್ಲಿ ವರ್ಷವಿಡೀ ಬೀಳುವುದನ್ನು ಮಡಿಕೇರಿ ಒಂದು ಒಳ್ಳೆಯ ಜುಲೈಯಲ್ಲಿ ಸುರಿದು ಮುಗಿಸುತ್ತದೆ. ಆ ಜುಲೈ ನೋಡದೆ ನನಗೆ 9 ವರ್ಷವಾಗಿತ್ತು. ಊರಿಗೆ ಹೋಗುವುದೆಂದರೆ ಸುಗ್ಗಿಹಬ್ಬ ಹುತ್ತರಿಯ ಹೊತ್ತಿಗೆ, ಕಣದಲ್ಲಿ ಕಾಫಿ ಒಣಗುವ ಬಿಸಿಲಿಗೆ. ಈ ಸಲ ಮಾತ್ರ ವರ್ಷದ ರಜೆಯನ್ನೆಲ್ಲ ಒಟ್ಟು ಮಾಡಿ, ಸಂಬಳವಿಲ್ಲದ ಎರಡು ವಾರ ಸೇರಿಸಿ, ನಡುಮಳೆಗಾಲದಲ್ಲಿ ಕೊಡಗಿನ ಸಿದ್ದಾಪುರದ ಹತ್ತಿರದ ನಮ್ಮ ತೋಟಕ್ಕೆ ಹೋದೆ. ಯಾಕೆಂದು ಮ್ಯಾನೇಜರ್ ಕೇಳಿದಾಗ ‘ಮನೆಯಲ್ಲಿ ಒಬ್ಬರಿಗೆ ಮಂಡಿ ಆಪರೇಷನ್’ ಅಂದೆ. ಆ ಒಬ್ಬರು ಅಪ್ಪನ ರಾಟ್‌ವೈಲರ್, ಹೆಸರು ಕರಿಯ, ತೂಕ 48 ಕಿಲೋ. ಅಂದರೆ ಹೆಚ್ಚುಕಡಿಮೆ ಒಂದು ಕಾಫಿ ಮೂಟೆ. ಚಿಕ್ಕಮ್ಮ ಇದಕ್ಕೆ ‘ನಾಯಿ ಬಾಣಂತನ’ ಅಂತಲೇ ಹೆಸರಿಟ್ಟರು.

ಈ ಕೆಲಸ ನನಗೆ ಹೊಸದಲ್ಲ. ಎರಡು ವರ್ಷದ ಹಿಂದೆ ಮ್ಯಾಂಚೆಸ್ಟರ್‌ನಲ್ಲಿ ನನ್ನ ಲ್ಯಾಬ್ರಡಾರ್ ಹೇಜಲ್‌ಗೂ ಇದೇ ಆಗಿತ್ತು. ಆಗ ಕಲಿತದ್ದರಿಂದಲೇ ಫೋನಿನಲ್ಲಿ ಕರಿಯನ ಕಾಯಿಲೆ ಗೊತ್ತಾದದ್ದು. ಹಿಂದಿನ ಎಡಗಾಲು ಎತ್ತಿ ನಡೆಯುತ್ತಾನೆ, ಉಳುಕು ಅಂತ ಡಾಕ್ಟರು 10 ದಿನದ ಮಾತ್ರೆ ಕೊಟ್ಟಿದ್ದಾರೆ ಅಂದರು ಅಪ್ಪ. ಮಾತ್ರೆ ಇದ್ದಷ್ಟು ದಿನ ಸರಿಹೋಗಿ, ಮುಗಿದ ಮೇಲೆ ಮತ್ತೆ ಕುಂಟು. ‘ಅವನು ನಡೆಯುವುದು ಬೇಡ, ಕೂರುವುದನ್ನು ವಿಡಿಯೋ ಮಾಡಿ ಕಳಿಸಿ’ ಅಂದೆ. ಕರಿಯ ಜಗಲಿಯಲ್ಲಿ ಕೂತಿದ್ದ, ಬಲಗಾಲು ಮಡಚಿ, ಎಡಗಾಲನ್ನು ಪಕ್ಕಕ್ಕೆ ಚಾಚಿ, ಎಲೆ ಅಡಿಕೆ ಹಾಕಿಕೊಳ್ಳುವ ಅಜ್ಜನ ಹಾಗೆ. ಹೇಜಲ್ ಕೂಡ ಹಾಗೆಯೇ ಕೂರುತ್ತಿದ್ದಳು. ಮಂಡಿಯೊಳಗಿನ ಲಿಗಮೆಂಟ್ ಹೋದ ನಾಯಿಗೆ ಕಾಲು ಪೂರ್ತಿ ಮಡಚಿದರೆ ನೋವು, ಅದಕ್ಕೇ ಆ ಭಂಗಿ.

ಅಪ್ಪನಿಗೆ ಆಪರೇಷನ್ ಅರ್ಥ ಮಾಡಿಸಲು ನಮ್ಮ ತೋಟದ ಇಳಿಜಾರೇ ಸಾಕಾಯಿತು. ನಾಯಿಯ ಹಿಂಗಾಲಿನ ಮಂಡಿ ನಮ್ಮದರ ಹಾಗೆ ನೆಟ್ಟಗಿರುವುದಿಲ್ಲ, ನಿಂತಾಗಲೂ ಮಡಚಿಯೇ ಇರುತ್ತದೆ. ಕೆಳಗಿನ ಮೂಳೆಯ ತಲೆ ಹಿಂದಕ್ಕೆ ಇಳಿಜಾರು, ಸುಮಾರು 25 ಡಿಗ್ರಿ. ಮೇಲಿನ ತೊಡೆಮೂಳೆ ಆ ಇಳಿಜಾರಿನ ಮೇಲಿಟ್ಟ ಮೂಟೆ. ಹೆಜ್ಜೆ ಹಾಕಿದಾಗಲೆಲ್ಲ ಜಾರಲು ನೋಡುತ್ತದೆ, ಜಾರದಂತೆ ಹಿಡಿದಿರುವ ಹಗ್ಗವೇ ಕ್ರೂಸಿಯೇಟ್ ಲಿಗಮೆಂಟ್. ಫುಟ್‌ಬಾಲ್ ಆಟಗಾರರಲ್ಲಿ ಅದು ಒಂದೇ ಏಟಿಗೆ ಹರಿಯುತ್ತದೆ. ನಾಯಿಗಳಲ್ಲಿ ಹೆಚ್ಚಾಗಿ ಎಳೆ ಎಳೆಯಾಗಿ ಸವೆದು, ಒಂದು ದಿನ ಬೆಕ್ಕಿನ ಹಿಂದೆ ಓಡುವಾಗ ಪೂರ್ತಿ ಬಿಟ್ಟುಕೊಳ್ಳುತ್ತದೆ. ಭಾರದ ನಾಯಿಯಲ್ಲಿ ಹೊಸ ಹಗ್ಗ ಕಟ್ಟಿದರೆ ಅದೂ ಸಡಿಲವಾಗುತ್ತದೆ. ಹಾಗಾಗಿ ಹಗ್ಗದ ಚಿಂತೆ ಬಿಟ್ಟು ನೆಲವನ್ನೇ ಮಟ್ಟ ಮಾಡುತ್ತಾರೆ. ಮೂಳೆಯ ತಲೆಯನ್ನು ಬಾಗಿದ ಗರಗಸದಿಂದ ಕೊಯ್ದು, ತಿರುಗಿಸಿ, ಇಳಿಜಾರನ್ನು 5–6 ಡಿಗ್ರಿಗೆ ತಂದು, ಲೋಹದ ಪ್ಲೇಟು ಸ್ಕ್ರೂ ಹಾಕಿ ಕೂರಿಸುತ್ತಾರೆ. ಇದಕ್ಕೆ ಟಿಪಿಎಲ್‌ಒ ಎಂದು ಹೆಸರು. ಅಮೆರಿಕದ ಬಾರ್ಕ್ಲೇ ಸ್ಲೋಕಮ್ ಎಂಬ ಪಶುವೈದ್ಯರು 1993ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ‘ಅಂದರೆ ಬೇಕೆಂದೇ ಕಾಲು ಮುರಿಯುತ್ತಾರೆ’ ಅಂದರು ಅಪ್ಪ. ಹೌದು, ಅಷ್ಟೇ. ಮುರಿದದ್ದು ಕೂಡಿಕೊಳ್ಳಲು 8 ವಾರ ಬೇಕು.

ಬೆಲೆ ಏರಲಿ ಎಂದು ಕಾದಿಟ್ಟಿದ್ದ ಕರಿಮೆಣಸಿನಲ್ಲಿ ಎರಡು ಮೂಟೆ ಇದರ ಖರ್ಚಿಗೆ ಹೋಯಿತು. ಜುಲೈ ಮೊದಲ ವಾರ ಬೆಂಗಳೂರಿನಲ್ಲಿ ಆಪರೇಷನ್. ವಾಪಸ್ ಬರುವಾಗ ಕರಿಯ ಜೀಪಿನ ಹಿಂದೆ ಹಾಸಿಗೆಯ ಮೇಲೆ, ನಾನು ಅವನ ಪಕ್ಕ. ಹುಣಸೂರು ದಾಟುವ ತನಕ ಎಷ್ಟು ರೋಡ್ ಹಂಪ್ ಇವೆಯೆಂದು ಕೇಳಿ, ಹೇಳುತ್ತೇನೆ.

ಮನೆ ತಲುಪಿದ ಮೇಲೆ ಮೊದಲ ಶತ್ರು ನಮ್ಮ ಅಜ್ಜ ಹಾಕಿಸಿದ ಕೆಂಪು ಗಾರೆ ನೆಲ. 70 ವರ್ಷದಿಂದ ತಿಕ್ಕಿ ತಿಕ್ಕಿ ಕನ್ನಡಿಯಾಗಿದೆ. ಮೂರು ಕಾಲಿನ ಮೂಟೆ ಅದರ ಮೇಲೆ ಒಮ್ಮೆ ಜಾರಿದರೆ ಮೆಣಸೂ ಹೋಯಿತು, ಮಂಡಿಯೂ ಹೋಯಿತು. ಮ್ಯಾಂಚೆಸ್ಟರ್‌ನಲ್ಲಿ ರಬ್ಬರ್ ಮ್ಯಾಟ್ ತರಿಸಿದ್ದೆ. ಊರಲ್ಲಿ ಅಮ್ಮ ಉಗ್ರಾಣದಿಂದ ಖಾಲಿ ಗೋಣಿಚೀಲ ತಂದು, ದಬ್ಬಣದಿಂದ ಒಂದಕ್ಕೊಂದು ಹೊಲಿದು, ಒಳಕೋಣೆಯಿಂದ ಹಿಂಬಾಗಿಲ ತನಕ ದಾರಿ ಹಾಸಿದರು. ಆ ಮ್ಯಾಟಿಗಿಂತ ಇದೇ ಚೆನ್ನಾಗಿ ಹಿಡಿಯುತ್ತಿತ್ತು, ಸುಳ್ಳಲ್ಲ. ಹೊಟ್ಟೆಯ ಕೆಳಗೆ ಹಾಕಿ ಹಿಂಭಾಗ ಎತ್ತಿಹಿಡಿಯಲು ಹಳೆಯ ಹತ್ತಿ ಸೀರೆ. ಊತಕ್ಕೆ ಮೊದಲ ಮೂರು ದಿನ ಐಸ್ ಇಡಬೇಕು, ಆದರೆ ಮಳೆಗೆ ಕರೆಂಟೇ ಇಲ್ಲ. ಬಿಸಿನೀರಿನ ರಬ್ಬರ್ ಚೀಲಕ್ಕೆ ಕೊಲ್ಲಿಯ, ಅಂದರೆ ತೋಟದ ತೊರೆಯ, ನೀರು ತುಂಬಿಸಿ, ಬಟ್ಟೆ ಸುತ್ತಿ, ಹೊಲಿಗೆ ಒದ್ದೆಯಾಗದಂತೆ 10 ನಿಮಿಷ ಇಟ್ಟೆವು. ಜುಲೈಯಲ್ಲಿ ನಮ್ಮ ಕೊಲ್ಲಿಯ ನೀರಿಗೆ ಫ್ರಿಜ್ಜಿನ ಹಂಗಿಲ್ಲ. ಐದನೇ ದಿನ ಪಾದದ ಗಂಟಿನ ಹತ್ತಿರ ಹೊಸ ಊತ ಕಂಡು ಅಮ್ಮ ಹೆದರಿದರು. ಮೇಲಿನ ನೀರು ಕೆಳಗಿಳಿದದ್ದು ಅಷ್ಟೇ, ಹೇಜಲ್‌ಗೂ ಆಗಿತ್ತು. ಮಾತ್ರೆಗಳನ್ನು ಅಕ್ಕಿತರಿಯ ಉಂಡೆ ಕಡಂಬುಟ್ಟಿನೊಳಗೆ ಹುದುಗಿಸಿ ಕೊಟ್ಟರೆ ಗುಳುಂ. ಅಪ್ಪನ ನೋವಿನ ಮಾತ್ರೆಯ ಡಬ್ಬಿಯನ್ನು ಮಾತ್ರ ಮೇಲಿನ ಶೆಲ್ಫಿಗೆ ಏರಿಸಿದೆ. ಮನುಷ್ಯರ ಬ್ರೂಫೆನ್, ಪ್ಯಾರಸಿಟಮಾಲ್ ನಾಯಿಗೆ ವಿಷವಾಗಬಹುದು, ‘ಪಾಪ ನೋಯ್ತಿದೆ’ ಅಂತ ಕೊಡುವವರು ಎಲ್ಲ ಮನೆಯಲ್ಲೂ ಇರುತ್ತಾರೆ.

ಎರಡು ವಾರದ ತನಕ ಕರಿಯ ಸಾಧು. ಕುತ್ತಿಗೆಗೆ ಪ್ಲಾಸ್ಟಿಕ್ ಕೋನ್, ಮೂತ್ರಕ್ಕೆ ಹಗ್ಗ ಹಿಡಿದು ಸೂರಿನ ಕೆಳಗೆ ನಾಲ್ಕು ಹೆಜ್ಜೆ, ವಾಪಸ್. ಬೋಳಿಸಿದ ಕಾಲಿಗೆ ಜಿಗಣೆ ಹತ್ತದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಹೊಲಿಗೆ ಬಿಚ್ಚಿ, ಹಗ್ಗದಲ್ಲಿ 5 ನಿಮಿಷದ ನಡಿಗೆ ಶುರುವಾದ ಮೇಲೆ ನಿಜವಾದ ಕಷ್ಟ. ನಿಧಾನ ನಡೆಸಬೇಕು, ಹೆಣದ ಹಿಂದೆ ಹೋಗುವಷ್ಟು ನಿಧಾನ. ಬೇಗ ಹೋದರೆ ನಾಯಿ ಕೆಟ್ಟ ಕಾಲನ್ನು ಎತ್ತಿಕೊಂಡು ಮೂರರಲ್ಲೇ ಓಡುತ್ತದೆ, ನಿಧಾನವಾದರೆ ನಾಲ್ಕನೆಯದನ್ನು ಊರಲೇಬೇಕು. ನಾಯಿಗೆ ನೋವು ಹೋಗಿರುತ್ತದೆ, ಮೂಳೆ ಕೂಡಿರುವುದಿಲ್ಲ. ಆ ನಡುವಿನ ಐದಾರು ವಾರ ಓಡಬಾರದು, ಹಾರಬಾರದು, ಮೆಟ್ಟಿಲು ಹತ್ತಬಾರದು, ಬಾಗಿಲಿಗೆ ಯಾರೋ ಬಂದರು ಎಂದು ಕುಣಿಯಬಾರದು.

ಮ್ಯಾಂಚೆಸ್ಟರ್‌ನಲ್ಲಿ ಇದು ಸುಲಭ. ಬಾಗಿಲಿಗೆ ಯಾರೂ ಬರುವುದಿಲ್ಲ. ಎಂಟು ವಾರದಲ್ಲಿ ನಮ್ಮ ಬೆಲ್ ಒತ್ತಿದವನು ಪಾರ್ಸಲ್ ಹುಡುಗ ಒಬ್ಬನೇ. ಪಕ್ಕದ ಮನೆಯ ಅಜ್ಜಿ ಹೇಜಲ್ ಹೆಸರಿಗೆ ಒಂದು ಕಾರ್ಡ್ ಬರೆದು ಬಾಗಿಲಿನ ಸಂದಿಯಿಂದ ಒಳಗೆ ತಳ್ಳಿ ಹೋಗಿದ್ದರು. ನೀರಿನೊಳಗಿನ ಟ್ರೆಡ್‌ಮಿಲ್ ಮೇಲೂ ನಡೆಸಿದೆ, ಇನ್ಶೂರೆನ್ಸ್ ಕೊಟ್ಟಿತು. ನೋಡಲು ಚೆಂದ. ಆದರೆ ಹೇಜಲ್‌ಳನ್ನು ಗುಣ ಮಾಡಿದ್ದು ಅದಲ್ಲ, ಆ ಮನೆಯಲ್ಲಿ ಬೇರೆ ಯಾರೂ ಇಲ್ಲದ್ದು ಅಂತ ಈಗ ಅನ್ನಿಸುತ್ತದೆ. ನಮ್ಮ ತೋಟದಲ್ಲಿ ಕರಿಯನಿಗೆ 15 ಜನ ನೆಂಟರು. ಕೆಲಸದವರ ಲೈನ್‌ಮನೆಯ ಮಕ್ಕಳು ಶಾಲೆಯಿಂದ ಬಂದವರೇ ಕಿಟಕಿಯಿಂದ ಬಿಸ್ಕತ್ತು ಎಸೆಯುತ್ತಿದ್ದರು. ಹಾಲಿನವನು ಶಿಳ್ಳೆ ಹೊಡೆಯುತ್ತಿದ್ದ. ಚಿಕ್ಕಮ್ಮ ‘ಅಯ್ಯೋ, ಜೈಲಿಗೆ ಹಾಕಿದ್ದೀರಿ’ ಅಂತ ಚಿಲಕ ತೆಗೆಯುತ್ತಿದ್ದರು. ಡಾಕ್ಟರು 42 ಕಿಲೋಗೆ ಇಳಿಸಿ ಎಂದಿದ್ದರು. ಒಂದು ಮಂಡಿ ಹೋದ ನಾಯಿಗಳಲ್ಲಿ ಮೂರರಲ್ಲೊಂದು ಪಾಲಿನಿಂದ ಅರ್ಧದಷ್ಟಕ್ಕೆ ಇನ್ನೊಂದೂ ಹೋಗುತ್ತದೆ, ಕೊಬ್ಬಿದ್ದರೆ ಆ ಕಾಲಿನ ಮೇಲಿನ ಹೊರೆ ಇನ್ನೂ ಹೆಚ್ಚು. ಇದನ್ನು ಎಲ್ಲರಿಗೂ ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು, ಎಲ್ಲರೂ ಒಂದೊಂದು ತುಂಡು ಹಾಕಿದರು.

ಆನೆಗೆ ಯಾರು ವಿವರಿಸುವುದು? ಆಪರೇಷನ್ ಆಗಿ 24ನೇ ರಾತ್ರಿ, ಎರಡು ಗಂಟೆ ಇರಬಹುದು, ಗದ್ದೆ ಬದಿಯ ಹಲಸಿನ ಮರದಿಂದ ಕೊಂಬೆ ಮುರಿಯುವ ಸದ್ದು. ಮೊದಲು ಕಿವಿ ನಿಮಿರಿಸಿದವನು ಕರಿಯ. ಅವನ ಕೋಣೆಯಲ್ಲೇ ನಾನು ಚಾಪೆ ಹಾಕಿ ಮಲಗಿದ್ದೆ. ಅವನು ಎದ್ದ, ಎದೆಯೊಳಗೇ ಗುರ್ ಎಂದ, ಹಿಂಗಾಲೆರಡನ್ನೂ ಗೋಣಿಗೆ ಒತ್ತಿ ಬಾಗಿಲ ಮೇಲೆ ಹಾರಲು ಮೈ ಕುಗ್ಗಿಸಿದ. ನಾನು ಅವನ ಮೇಲೆಯೇ ಬಿದ್ದೆ, ಬೇರೆ ದಾರಿ ಇರಲಿಲ್ಲ. ಕುತ್ತಿಗೆ ತಬ್ಬಿ, ನನ್ನ ಭಾರವನ್ನೆಲ್ಲ ಅವನ ಹೆಗಲಿಗೆ ಹಾಕಿ, ಅಮ್ಮಾ ಅಂತ ಕೂಗಿದೆ. ಹೊರಗೆ ಅಪ್ಪ ಪಟಾಕಿ ಹುಡುಕುತ್ತಿದ್ದರು, ಅದು ಒದ್ದೆ. ಅರ್ಧ ಗಂಟೆ ಹಾಗೇ ಇದ್ದೆವು. ಆನೆ ತನ್ನ ಹಲಸಿನ ಹಣ್ಣು ತಿಂದು ಮುಗಿಸಿ, ಬೇಲಿಯ ಎರಡು ಕಂಬ ಕೆಡವಿ ಹೋಯಿತು. ಬೆಳಿಗ್ಗೆ ಕರಿಯನ ಕಾಲಿಗಿಂತ ನನ್ನ ಸೊಂಟ ಕೆಟ್ಟಿತ್ತು.

ಆಗಸ್ಟ್ 3ರ ಸಂಜೆ ಇನ್ನೊಂದು. ಹಗ್ಗ ಹಿಡಿದು ಸೂರಿನ ಕೆಳಗೆ ನಿಲ್ಲಿಸಿದ್ದೆ. ಕರಿಯ ಮೂತ್ರ ಮಾಡಿದ, ಸಿಮೆಂಟಿನ ಮೇಲೆ ಕೆಂಪಗೆ ಹರಿಯಿತು. ನನಗೆ ಕಾಲಲ್ಲಿ ಬಲವೇ ಇಲ್ಲದಂತಾಯಿತು. ನೋವಿನ ಮಾತ್ರೆ ಕಿಡ್ನಿಗೆ ಪೆಟ್ಟು ಕೊಟ್ಟಿತೆಂದು ಫೋಟೋ ತೆಗೆದೆ, ಸಿಗ್ನಲ್‌ಗಾಗಿ ಮಳೆಯಲ್ಲಿ ಗೇಟಿನ ತನಕ ಓಡಿ ಬೆಂಗಳೂರಿನ ಡಾಕ್ಟರಿಗೆ ಕಳಿಸಿದೆ. ಒದ್ದೆಯಾಗಿ ಬಂದರೆ ಅಮ್ಮ ಅಡುಗೆಮನೆ ಬಾಗಿಲಲ್ಲಿ ಸೆರಗಿನಲ್ಲಿ ಬಾಯಿ ಮುಚ್ಚಿ ನಿಂತಿದ್ದರು. ಅವತ್ತು ಕಕ್ಕಡ 18, ಕೊಡವರ ನಡುಮಳೆಗಾಲದ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪಿನ ಪಾಯಸ ಮಾಡುವ ದಿನ. ಸೊಪ್ಪಿನ ನೇರಳೆ ರಸ ಒಳಗೆ ಹೋದವರ ಮೂತ್ರ ಕೆಂಪಾಗುವುದು ಕೊಡಗಿನ ಮಗುವಿಗೂ ಗೊತ್ತು. ಬೆಳಿಗ್ಗೆ ನಾನೂ ಎರಡು ಬಟ್ಟಲು ತಿಂದಿದ್ದೆ. ‘ಅವನಿಗೂ ಮದ್ದಲ್ವಾ, ಒಂದೇ ಸೌಟು ಹಾಕಿದ್ದು’ ಅಂದರು. ಒಂದೇ ಸೌಟಿಗೆ ಆ ಬಣ್ಣ ಬರುವುದಿಲ್ಲ. 9 ವರ್ಷ ಹೊರಗಿದ್ದದ್ದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಆರನೇ ವಾರ ಮುಗಿಯುವಾಗ ನಡಿಗೆ 20 ನಿಮಿಷಕ್ಕೆ ಬಂದಿತ್ತು. ತೊಡೆ ಇನ್ನೂ ಬಡಕಲು, ಬಲಗಾಲಿನ ಮುಕ್ಕಾಲು ಪಾಲು. ದಿನಕ್ಕೆ ಎರಡು ಸಲ ಅವನನ್ನು ಮಗ್ಗುಲಾಗಿ ಮಲಗಿಸಿ, ಮಂಡಿಯನ್ನು ಸೈಕಲ್ ತುಳಿದ ಹಾಗೆ ಮೆಲ್ಲಗೆ ಮಡಚಿ ಬಿಚ್ಚುವುದನ್ನು ಅಪ್ಪನಿಗೆ ಕಲಿಸಿದೆ. ತಮ್ಮ ಮಂಡಿನೋವಿಗೆ ಫಿಸಿಯೋ ಹೇಳಿದ ವ್ಯಾಯಾಮವನ್ನು ಒಂದು ದಿನವೂ ಮಾಡದ ಮನುಷ್ಯ, ನಾಯಿಯದ್ದನ್ನು ಒಂದು ದಿನವೂ ತಪ್ಪಿಸಲಿಲ್ಲ. ನಾನು ವಿಮಾನ ಹತ್ತಿದೆ. ಆಗಸ್ಟ್ ಕೊನೆಯ ವಾರ ಎಕ್ಸ್‌ರೇ ವಾಟ್ಸ್ಯಾಪ್‌ನಲ್ಲಿ ಬಂತು. ಕೊಯ್ದ ಗೆರೆ ತುಂಬಿಕೊಂಡಿತ್ತು, ಸ್ಕ್ರೂ ಎಲ್ಲ ಹಾಕಿದಲ್ಲೇ ಇದ್ದವು.

ಸೆಪ್ಟೆಂಬರ್ 3, ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೋಳ್ದ್ ದಿನ ಅಮ್ಮ ವಿಡಿಯೋ ಕಳಿಸಿದರು. ಬಸ್ಸಿನಲ್ಲಿ ಕೂತು ನೋಡಿದೆ. ಗದ್ದೆಯಾಚೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಿದ್ದಾರೆ, ಕೂಗು, ನಗು. ಜಗಲಿಯಲ್ಲಿ ಅಪ್ಪ ಹಗ್ಗ ಹಿಡಿದು ಕುರ್ಚಿಯಲ್ಲಿ, ಪಕ್ಕದಲ್ಲಿ ಕರಿಯ. ಅಲ್ಲಿಗೇ ನಿಲ್ಲಿಸಿ, ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಎರಡೂ ಮಂಡಿಯನ್ನು ಸರಿಸಮ ಮಡಚಿ, ನೆಟ್ಟಗೆ ಕೂತಿದ್ದ. ಮತ್ತೆ ಓಡಿಸಿದಾಗ ಪಕ್ಕದಿಂದ ಬಳೆ ತೊಟ್ಟ ಒಂದು ಕೈ ಬಂತು, ಕೈಯಲ್ಲಿ ಹಂದಿಮಾಂಸದ ಸಾರಿನ ಒಂದು ಕೊಬ್ಬಿನ ತುಂಡು.

ಕೂಡಲೇ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ.