ಲಿಮಿಟೆಡ್ ಎಡಿಶನ್ ವಾಚಿಗೆ ಹಾಕಿದ ದುಡ್ಡು ವಾಪಸ್ ಬರುತ್ತದೆಯೇ?

"ದುಬಾರಿ ವಾಚು, ಅದರಲ್ಲೂ ಲೆಕ್ಕ ಹಾಕಿ ಇಂತಿಷ್ಟೇ ಮಾಡಿದ ಲಿಮಿಟೆಡ್ ಎಡಿಶನ್ ಕೊಂಡಿಟ್ಟರೆ ಮುಂದೆ ಒಳ್ಳೇ ಬೆಲೆ ಬರುತ್ತದಲ್ವಾ?" ವಾಚಿನ ಬಗ್ಗೆ ನನ್ನನ್ನು ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ನೇರವಾಗಿ ಹೇಳುತ್ತೇನೆ: ಬಹುಪಾಲು ವಾಚುಗಳಿಗೆ ಬರುವುದಿಲ್ಲ. ಹಿಂಬದಿಯಲ್ಲಿ ನಂಬರು ಕೆತ್ತಿದ್ದರೂ ಅಂಗಡಿಯ ಮೆಟ್ಟಿಲು ಇಳಿದ ಕೂಡಲೇ ಅದು ಸೆಕೆಂಡ್ ಹ್ಯಾಂಡ್ ಮಾಲು. ಬೆಲೆ ಉಳಿಸಿಕೊಳ್ಳುವ ಕೆಲವು ಇವೆ ನಿಜ, ಆದರೆ ಅವು ಉಳಿಸಿಕೊಳ್ಳುವುದು ಆ ನಂಬರಿನಿಂದಲ್ಲ.

"500ರಲ್ಲಿ 137" ಎಂಬ ಕೆತ್ತನೆ ಎಷ್ಟು ವಾಚು ಮಾಡಿದರು ಎಂದು ಹೇಳುತ್ತದೆ. ಎಷ್ಟು ಜನಕ್ಕೆ ಅದು ಬೇಕು ಎಂದು ಹೇಳುವುದಿಲ್ಲ. 500 ಮಾಡಿ 300 ಜನಕ್ಕೆ ಮಾತ್ರ ಬೇಕಿದ್ದರೆ 200 ಹೆಚ್ಚಾದಂತೆಯೇ. ರೋಲೆಕ್ಸ್‌ನ ಸ್ಟೀಲ್ ಡೇಟೋನಾ ಲಿಮಿಟೆಡ್ ಎಡಿಶನ್ ಅಲ್ಲವೇ ಅಲ್ಲ, ವರ್ಷವರ್ಷವೂ ತಯಾರಾಗುವ ಮಾಮೂಲಿ ಮಾಡೆಲ್. ಆದರೂ ಅದು ಎಷ್ಟೋ ವರ್ಷಗಳಿಂದ ಕಂಪನಿ ನಿಗದಿ ಮಾಡಿದ ಪಟ್ಟಿ ದರಕ್ಕಿಂತ ಹೆಚ್ಚಿಗೇ ಕೈ ಬದಲಾಗುತ್ತಿದೆ. ಪಾಟೆಕ್ ಫಿಲಿಪ್‌ನ ನಾಟಿಲಸ್ 5711 ಕೂಡ ಹಾಗೆಯೇ: 2006ರಲ್ಲಿ ಬಂದ ಸಾಮಾನ್ಯ ಸರಣಿಯ ವಾಚು, 2021ರಲ್ಲಿ ನಿಲ್ಲಿಸುತ್ತೇವೆ ಎಂದಾಗ ಬೆಲೆ ಗಗನಕ್ಕೇರಿತು.

ಒಮೆಗಾ ಸ್ಪೀಡ್‌ಮಾಸ್ಟರ್‌ನ ಸ್ನೂಪಿ (ಕಾಮಿಕ್ಸಿನ ನಾಯಿ) ವಾಚುಗಳನ್ನು ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. 1970ರಲ್ಲಿ ಚಂದ್ರನತ್ತ ಹೊರಟ ಅಪೋಲೊ 13 ನೌಕೆ ಅಪಾಯಕ್ಕೆ ಸಿಕ್ಕಾಗ ಅದರ ದಾರಿ ಸರಿಪಡಿಸಲು 14 ಸೆಕೆಂಡು ಎಂಜಿನ್ ಉರಿಸಬೇಕಾಯಿತು, ಆ ಹೊತ್ತನ್ನು ಗಗನಯಾತ್ರಿಗಳು ಅಳೆದದ್ದು ಸ್ಪೀಡ್‌ಮಾಸ್ಟರ್‌ನಲ್ಲಿ. ಅದಕ್ಕಾಗಿ ನಾಸಾದ ಗಗನಯಾತ್ರಿಗಳು ಒಮೆಗಾಗೆ ಸಿಲ್ವರ್ ಸ್ನೂಪಿ ಪ್ರಶಸ್ತಿ ಕೊಟ್ಟರು. 2003ರ ಸ್ನೂಪಿ ವಾಚುಗಳು 5,441. ಯಾನ ನಡೆದದ್ದು 142 ಗಂಟೆ 54 ನಿಮಿಷ 41 ಸೆಕೆಂಡು, ಆ ಸಂಖ್ಯೆ ಕೊನೆಯ 54 ಮತ್ತು 41ರಿಂದ ಬಂದದ್ದು. 2015ರಲ್ಲಿ 1,970 ಮಾಡಿದರು. ಅದರ ಡಯಲ್ಲಿನ ಅಂಚಿನಲ್ಲಿ, ಮೊದಲ 14 ಸೆಕೆಂಡಿನ ಗೀಟುಗಳ ಜಾಗದಲ್ಲಿ, "14 ಸೆಕೆಂಡಿನಲ್ಲಿ ನೀವು ಏನು ಮಾಡಬಲ್ಲಿರಿ?" ಎಂಬ ಇಂಗ್ಲಿಷ್ ಸಾಲು ಸಣ್ಣಕ್ಷರದಲ್ಲಿದೆ. ಇವೆರಡೂ ಮೂಲ ಬೆಲೆಗಿಂತ ಬಹಳ ಮೇಲೆ ಹೋದವು. ಮೂರನೆಯದು 2020ರಲ್ಲಿ ಬಂತು, ಅದಕ್ಕೆ ಸಂಖ್ಯೆಯ ಮಿತಿಯೇ ಇಲ್ಲ. ಅದಕ್ಕೂ ಜನ ಸರದಿಯಲ್ಲಿ ಕಾದರು. ಬೆಲೆ ತಂದದ್ದು ಆ ಕಥೆ ಮತ್ತು ಆ ವಾಚಿನ ನಡುವಿನ ನಂಟು. ಯಾವುದೋ ಕಾರ್ ರೇಸಿನ ಹೆಸರನ್ನೋ ಹಡಗಿನ ಹೆಸರನ್ನೋ ಡಯಲ್ ಮೇಲೆ ಅಚ್ಚು ಹಾಕಿ, ಬಣ್ಣ ಬದಲಿಸಿ ವರ್ಷಕ್ಕೆ ಹತ್ತು ಬಿಟ್ಟರೆ ಅಂಥ ನಂಟು ಹುಟ್ಟುವುದಿಲ್ಲ. ಮುಂದಿನ ವರ್ಷ ಅದೇ ವಿನ್ಯಾಸ ಮಾಮೂಲಿ ಸರಣಿಗೆ ಬಂದರಂತೂ ಕೈಲಿರುವುದಕ್ಕೆ ಗಿರಾಕಿ ಸಿಗುವುದೂ ಕಷ್ಟ.

ಹರಾಜಿನ ಸುದ್ದಿ ಓದಿ ದುಡ್ಡು ಹಾಕುವವರಿಗೆ ಒಂದು ಮಾತು. ಅಮೆರಿಕದ ಆಭರಣ ಕಂಪನಿ ಟಿಫನಿ ಹೆಸರಿನ ನೀಲಿ ಡಯಲ್ಲಿನ ನಾಟಿಲಸ್ 170 ಮಾತ್ರ ತಯಾರಾದವು. ಪಟ್ಟಿ ದರ 50,000 ಡಾಲರ್ ಚಿಲ್ಲರೆ. 2021ರ ಡಿಸೆಂಬರಿನಲ್ಲಿ ಅದರಲ್ಲೊಂದು ನ್ಯೂಯಾರ್ಕಿನ ಹರಾಜಿನಲ್ಲಿ 65 ಲಕ್ಷ ಡಾಲರ್ ದಾಟಿತು. ಆದರೆ ಅದು ದೇಣಿಗೆಗಾಗಿ ನಡೆದ ಮಾರಾಟ. ದಾನದ ಹರಾಜಿನ ಮೊತ್ತವನ್ನು ಮಾರುಕಟ್ಟೆ ದರ ಅಂದುಕೊಳ್ಳಬಾರದು. ಅಲ್ಲದೆ ಸುದ್ದಿಯಲ್ಲಿ ಬರುವ ಮೊತ್ತದಲ್ಲಿ ಕೊಂಡವರು ಹರಾಜು ಸಂಸ್ಥೆಗೆ ಕೊಡುವ ಶುಲ್ಕವೂ ಸೇರಿರುತ್ತದೆ, ಅದು ಸುತ್ತಿಗೆ ಬಿದ್ದ ಬೆಲೆಯ (ಕೊನೆಯ ಕೂಗಿನ) ಮೇಲೆ ಸುಮಾರು ಕಾಲು ಭಾಗ. ಮಾರುವವರ ಕೈಗೆ ಆ ದುಡ್ಡು ಬರುವುದಿಲ್ಲ.

ಸಣ್ಣ ಲೆಕ್ಕ ಹಾಕೋಣ. ವಾಚಿಗೆ 100 ಕೊಟ್ಟಿರಿ. ಏಳು ವರ್ಷದಲ್ಲಿ ಅಂಗಡಿಯವರು ಅಂಥದ್ದನ್ನೇ 120ಕ್ಕೆ ಮಾರುತ್ತಿದ್ದಾರೆ. ಅವರು ನಿಮ್ಮಿಂದ ಕೊಳ್ಳುವಾಗ ತಮ್ಮ ಲಾಭಕ್ಕೆ ಶೇ 15 ಹಿಡಿದರೂ ಸಿಗುವುದು 102. ಒಂದು ಸರ್ವೀಸಿಗೆ 6, ವಿಮೆಗೆ ವರ್ಷಕ್ಕೆ 1ರಂತೆ 7 ಕಳೆಯಿರಿ, ಉಳಿದದ್ದು 89. ಶೇ 20 ಏರಿದ ವಾಚಿನಲ್ಲೇ ಅಸಲಿಗೆ 11 ಕತ್ತರಿ ಬಿತ್ತು. ಆ ವಾಚು ಕೊಡಬೇಕಾದರೆ ಮೊದಲು ಬೇರೆ ಎರಡು ಕೊಳ್ಳಿ ಎಂದು ಅಂಗಡಿಯವರು ಹೇಳಿದ್ದರೆ, ಅವುಗಳ ಮೇಲಾದ ನಷ್ಟವನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು. ಇನ್ನು ಸಮಯ: 2022ರ ಆರಂಭದ ಏರಿನಲ್ಲಿ ಕೊಂಡವರು ಆಮೇಲಿನ ಇಳಿತದಲ್ಲಿ ಒಳ್ಳೊಳ್ಳೆ ಮಾಡೆಲ್‌ಗಳಲ್ಲೂ ಪೆಟ್ಟು ತಿಂದರು.

ಇಷ್ಟಾಗಿಯೂ ಇಷ್ಟಪಟ್ಟು ಕೊಂಡಿದ್ದೀರಿ ಅಂದರೆ, ಬೆಲೆ ಕೆಡದಂತೆ ನೋಡಿಕೊಳ್ಳುವುದು ನಿಮ್ಮ ಕೈಲಿದೆ. ಎಲ್ಲಕ್ಕಿಂತ ಹೆಚ್ಚು ವಾಚು ಹಾಳುಮಾಡುವುದು ಪಾಲಿಶ್. ಪಟ್ಟಿ ಸಿಕ್ಕಿಸುವ ಲಗ್‌ಗಳನ್ನು ಭೂತಗನ್ನಡಿಯಲ್ಲಿ ನೋಡಿ. ಮೇಲ್ಮೈಯಲ್ಲಿ ನೇರ ಗೆರೆಗಳ ಮಂದ ಹೊಳಪು, ಪಕ್ಕದಲ್ಲಿ ಕನ್ನಡಿಯ ಹೊಳಪು, ಎರಡೂ ಕೂಡುವಲ್ಲಿ ಚೂಪಾದ ಅಂಚು. ಪಾಲಿಶ್ ಚಕ್ರಕ್ಕೆ ಕೊಟ್ಟಾಗ ಮೊದಲು ಸವೆಯುವುದು ಆ ಅಂಚೇ. ಎರಡು ಸಲ ಪಾಲಿಶ್ ಆದರೆ ಲಗ್‌ಗಳು ಬಳಸಿದ ಸಾಬೂನಿನಂತೆ ದುಂಡಗಾಗುತ್ತವೆ, ಹಿಂಬದಿಯ ನಂಬರೂ ಮಸುಕಾಗುತ್ತದೆ. ಗೀರು ಬಿದ್ದ ಕೇಸಿಗೆ (ವಾಚಿನ ಹೊರಕವಚಕ್ಕೆ) ಬೆಲೆ ಸಿಗುತ್ತದೆ, ಸವೆದ ಕೇಸಿಗೆ ಸಿಗುವುದಿಲ್ಲ. ಸರ್ವೀಸಿಗೆ ಕೊಡುವಾಗ "ಪಾಲಿಶ್ ಬೇಡ, ಡಯಲ್ ಮತ್ತು ಮುಳ್ಳು ಬದಲಿಸಬೇಡಿ, ತೆಗೆದ ಭಾಗ ವಾಪಸ್ ಕೊಡಿ" ಎಂದು ರಸೀದಿಯ ಮೇಲೆಯೇ ಬರೆಸಿ. ಲಿಮಿಟೆಡ್ ಎಡಿಶನ್ನಿನ ಡಯಲ್ ತೆಗೆದು ಮಾಮೂಲಿ ಡಯಲ್ ಹಾಕಿದರೆ ಆ ಎಡಿಶನ್ನೇ ಹೋಯಿತು. ಬಾಕ್ಸು, ವಾರಂಟಿ ಕಾರ್ಡು, ನಂಬರಿನ ಸರ್ಟಿಫಿಕೇಟು, ಬ್ರೇಸ್ಲೆಟ್‌ನಿಂದ ತೆಗೆಸಿದ ಕೊಂಡಿಗಳು, ಯಾವುದನ್ನೂ ಎಸೆಯಬೇಡಿ. ಚರ್ಮದ ಪಟ್ಟಿಯನ್ನು ಬಿಚ್ಚಿ ಬೇರೆ ಇಡಿ. ಲಾಕರಿನಲ್ಲಿಟ್ಟರೂ ಒಳಗಿನ ಎಣ್ಣೆ, ನೀರು ತಡೆಯುವ ಗ್ಯಾಸ್ಕೆಟ್ ಎರಡೂ ಒಣಗುತ್ತವೆ. ಹಾಗಾಗಿ ತೊಡದ ವಾಚಿಗೆ ಸರ್ವೀಸ್ ಬೇಡ ಅಂದುಕೊಳ್ಳಬೇಡಿ.

ಹಳೆಯದನ್ನು ಕೊಳ್ಳುವಾಗ ಕಾರ್ಡಿನ ನಂಬರು ಕೇಸಿನ ನಂಬರಿಗೆ ತಾಳೆಯಾಗುತ್ತದೆಯೇ ನೋಡಿ. 1960ರ ದಶಕದಿಂದ 1990ರ ದಶಕದ ತನಕದ ಬಹಳಷ್ಟು ವಾಚುಗಳ ಮುಳ್ಳಿಗೆ ಕತ್ತಲೆಯಲ್ಲಿ ಹೊಳೆಯಲೆಂದು ಟ್ರಿಟಿಯಂ ಬಳಿಯುತ್ತಿದ್ದರು, ವರ್ಷ ಕಳೆದಂತೆ ಅದರ ಶಕ್ತಿ ಕುಂದುವುದರಿಂದ ಅದು ಈಗ ಅಷ್ಟಾಗಿ ಹೊಳೆಯಬಾರದು. ಕತ್ತಲೆಯಲ್ಲಿ ಮುಳ್ಳು ಫಳಫಳ ಹೊಳೆದರೆ ಯಾರೋ ಹೊಸದಾಗಿ ಬಳಿದಿದ್ದಾರೆ ಅಥವಾ ಮುಳ್ಳನ್ನೇ ಬದಲಿಸಿದ್ದಾರೆ. ದೊಡ್ಡ ಹರಾಜಿನಲ್ಲಿ ಬಂದ ಮಾಲು ಎಂದು ಮೈಮರೆಯಬೇಡಿ: 2021ರಲ್ಲಿ ಜಿನೀವಾದಲ್ಲಿ 31 ಲಕ್ಷ ಸ್ವಿಸ್ ಫ್ರಾಂಕ್‌ಗೆ ಹೋದ ಹಳೆಯ ಸ್ಪೀಡ್‌ಮಾಸ್ಟರ್ ಬೇರೆಬೇರೆ ವಾಚುಗಳ ಭಾಗ ಜೋಡಿಸಿ ಕಟ್ಟಿದ್ದೆಂದು 2023ರಲ್ಲಿ ಒಮೆಗಾ ಕಂಪನಿಯೇ ಹೇಳಿತು.

ಕೊಳ್ಳುವ ಮುಂಚೆ ಇನ್ನೊಂದು ಕೆಲಸ ಮಾಡಿ. ಜಾಲತಾಣದಲ್ಲಿ ಮಾರುವವರು ಕೇಳುತ್ತಿರುವ ಬೆಲೆ ಬಿಟ್ಟು, ಅದೇ ವಾಚು ನಿಜವಾಗಿ ಮಾರಾಟವಾದ ಬೆಲೆ ಹುಡುಕಿ. ಹಳೆಯ ವಾಚು ಕೊಳ್ಳುವ ಮೂವರು ವ್ಯಾಪಾರಿಗಳಿಗೆ ಫೋನ್ ಮಾಡಿ, "ಈ ವಾಚು ನನ್ನ ಹತ್ತಿರ ಇದೆ ಅಂದುಕೊಳ್ಳಿ, ಬಾಕ್ಸು ಕಾರ್ಡು ಎಲ್ಲ ಸೇರಿ ಇವತ್ತು ಎಷ್ಟು ಕೊಡುತ್ತೀರಿ?" ಎಂದು ಕೇಳಿ. ನೀವು ಕೊಡಲು ಹೊರಟ ದುಡ್ಡಿನಿಂದ ಅವರು ಹೇಳಿದ್ದನ್ನು ಕಳೆಯಿರಿ. ಆ ವ್ಯತ್ಯಾಸವಷ್ಟೂ ಹೋದರೂ ಬೇಸರವಿಲ್ಲ ಅನ್ನಿಸಿದರೆ ಕೊಳ್ಳಿ.