ಮರುಭೂಮಿಗೆ ಆರ್‌ವಿಯಲ್ಲಿ ಹೊರಟಿದ್ದೀರಾ? ಮೊದಲು ಬ್ಯಾಟರಿ ನೋಡಿ

ರಾತ್ರಿ ಮೂರು ಗಂಟೆಗೆ ಅಮ್ಮ ಭುಜ ಅಲುಗಿಸಿ ನನ್ನನ್ನು ಎಬ್ಬಿಸಿದರು. "ಹೀಟರ್ ನಿಂತುಹೋಗಿದೆ ಕಣೇ. ನಿಮ್ಮಪ್ಪನ ಕಾಲು ಮುಟ್ಟಿ ನೋಡು." ಮುಟ್ಟಿದೆ. ಎರಡು ಜೊತೆ ಸಾಕ್ಸ್ ಹಾಕಿದ್ದರೂ ತಣ್ಣಗಿತ್ತು. ಕಿಟಕಿಯ ಒಳಗಡೆ ನಮ್ಮ ಉಸಿರಿನ ನೀರು ಹೆಪ್ಪುಗಟ್ಟಿ ಬಿಳಿ ಪದರ ಆಗಿತ್ತು. ಹೊರಗೆ ಮೈನಸ್ 4 ಡಿಗ್ರಿ. ಹಿಂದಿನ ದಿನ ಮಧ್ಯಾಹ್ನ ಅಮೆರಿಕದ ಫೀನಿಕ್ಸ್‌ನಲ್ಲಿ ಆರ್‌ವಿ, ಅಂದರೆ ಒಳಗೇ ಹಾಸಿಗೆ, ಅಡುಗೆಮನೆ ಇರುವ ಗಾಡಿ, ಬಾಡಿಗೆಗೆ ತಗೊಂಡಾಗ 35 ಡಿಗ್ರಿ ಬಿಸಿಲಿತ್ತು.

ಇದು ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚಿನ ಮ್ಯಾದರ್ ಕ್ಯಾಂಪ್‌ಗ್ರೌಂಡ್. ಅಕ್ಟೋಬರ್ ಮಧ್ಯಭಾಗ. ಅರಸೀಕೆರೆಯಿಂದ ಬಂದಿದ್ದ ಅಪ್ಪ, ಅಮ್ಮ, ನನ್ನ ಗಂಡ, ಎಂಟು ವರ್ಷದ ಮಗಳು, ನಾನು. ಹತ್ತು ರಾತ್ರಿ, 1,540 ಮೈಲಿ. ಮರುಭೂಮಿ ಅಂದರೆ ಸೆಕೆ ಅಂದುಕೊಂಡು ಹೊರಟಿದ್ದೆವು. ಆದರೆ ಈ ಭಾಗದಲ್ಲಿ ಎಷ್ಟು ದಕ್ಷಿಣಕ್ಕೆ ಇದ್ದೀರಿ ಅನ್ನೋದಕ್ಕಿಂತ ಎಷ್ಟು ಎತ್ತರದಲ್ಲಿ ಇದ್ದೀರಿ ಅನ್ನೋದು ಮುಖ್ಯ. ಫೀನಿಕ್ಸ್ ಸುಮಾರು 1,100 ಅಡಿ. ದಕ್ಷಿಣ ಅಂಚು ಸುಮಾರು 7,000 ಅಡಿ. ನಾಲ್ಕು ಗಂಟೆಯ ದಾರಿಯಲ್ಲಿ ಬೇಸಿಗೆಯಿಂದ ಗಡಗಡ ನಡುಗುವ ಚಳಿಗೆ ಹೋಗಿಬಿಡುತ್ತೀರಿ.

ಹೀಟರ್ ಯಾಕೆ ನಿಂತಿತು ಅಂತ ಹೇಳುತ್ತೇನೆ, ಏಕೆಂದರೆ ಬುಕ್ ಮಾಡುವಾಗ ಇದನ್ನು ಯಾರೂ ಹೇಳಲಿಲ್ಲ. ಆರ್‌ವಿ ಹೀಟರ್ ಗ್ಯಾಸ್‌ನಲ್ಲಿ ಉರಿಯುತ್ತೆ. ಆದರೆ ಬಿಸಿ ಗಾಳಿ ತಳ್ಳುವ ಫ್ಯಾನ್‌ಗೆ 12 ವೋಲ್ಟ್ ಬ್ಯಾಟರಿ ಬೇಕು, ಎಂಜಿನ್ನಿನದಲ್ಲ, ಗಾಡಿಯೊಳಗಿನ ಬಳಕೆಗೆ ಅಂತಲೇ ಇರುವ ಬೇರೆ ಬ್ಯಾಟರಿ. ಸಿಲಿಂಡರ್ ತುಂಬಿದ್ದರೂ ಬ್ಯಾಟರಿ ಸತ್ತರೆ ಹೀಟರ್ ಸತ್ತ ಹಾಗೆ. ಮ್ಯಾದರ್‌ನಲ್ಲಿ ಕರೆಂಟ್ ಕನೆಕ್ಷನ್ ಇಲ್ಲ, ರಾತ್ರಿ ಜನರೇಟರ್ ಹಾಕುವಂತಿಲ್ಲ. ನಮಗೆ ಕೊಟ್ಟಿದ್ದ ಬ್ಯಾಟರಿ ಹಳೆಯದು. ಸಂಜೆ ಚಾರ್ಜ್ ತೋರಿಸುವ ಪ್ಯಾನೆಲ್‌ನಲ್ಲಿ ನಾಲ್ಕೂ ದೀಪ ಹತ್ತಿದ್ದವು. ನಾಲ್ಕು ಗಂಟೆ ಎಂಜಿನ್ ಓಡಿ ಆಗಷ್ಟೇ ನಿಂತಿದ್ದರಿಂದ ಹಾಗೆ ತೋರಿಸುತ್ತಿತ್ತು, ಅಷ್ಟೇ.

ಅಮ್ಮ ಸ್ಟವ್ ಹಚ್ಚೋಣ ಅಂದರು. ಬೇಡ, ಯಾವತ್ತೂ ಬೇಡ. ಬೆಚ್ಚಗಾಗಲಿ ಅಂತ ಮುಚ್ಚಿದ ಗಾಡಿಯೊಳಗೆ ಸ್ಟವ್ ಉರಿಸಿ ಮಲಗಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿ ಜೀವಕ್ಕೇ ಅಪಾಯ. ಅಪ್ಪನನ್ನು ಮಧ್ಯದಲ್ಲಿ ಕೂರಿಸಿ, ಇದ್ದ ಬಟ್ಟೆಯೆಲ್ಲ ಹೊದ್ದು, ಐದೂ ಜನ ಒಂದೇ ಹಾಸಿಗೆ ಮೇಲೆ ಬೆಳಗಿನವರೆಗೆ ಕೂತೆವು. ಅಪ್ಪನಿಗೆ 68 ವರ್ಷ. ಆ ಮೂರು ಗಂಟೆ ನನಗೆ ಬಹಳ ಭಯ ಆಗಿತ್ತು.

ಬೆಳಿಗ್ಗೆ ಜನರೇಟರ್ ಕೂಡ ಸ್ಟಾರ್ಟ್ ಆಗಲಿಲ್ಲ. ಅದೂ ಅದೇ ಬ್ಯಾಟರಿಯಿಂದ ಸ್ಟಾರ್ಟ್ ಆಗಬೇಕಂತೆ. ಪಕ್ಕದ ಸೈಟಿನ ವಯಸ್ಸಾದ ಗಂಡಹೆಂಡತಿ ಬಂದು, ಸ್ಟೀರಿಂಗ್ ಕೆಳಗಿದ್ದ ಒಂದು ಪುಟ್ಟ ಸ್ವಿಚ್ ತೋರಿಸಿದರು. ಅದನ್ನು ಒತ್ತಿ ಹಿಡಿದರೆ ಎಂಜಿನ್ ಬ್ಯಾಟರಿ ಸಹಾಯಕ್ಕೆ ಬರುತ್ತೆ. ಒತ್ತಿದೆವು, ಜನರೇಟರ್ ಗುರ್ ಅಂತು. ಗಾಡಿ ಕೊಟ್ಟವರು ಅರ್ಧ ಗಂಟೆ ಎಲ್ಲ ತೋರಿಸಿದ್ದರು, ಈ ಸ್ವಿಚ್ ಬಿಟ್ಟು.

ಹಾಗಾಗಿ ಗಾಡಿ ತಗೊಳ್ಳೋವಾಗ ಹೀಗೆ ಮಾಡಿ. ಎಂಜಿನ್ ಆಫ್, ಕರೆಂಟ್ ವೈರ್ ತೆಗೆದಿರಲಿ. ಹೀಟರ್ ಹಾಕಿ ಹದಿನೈದು ನಿಮಿಷ ಸುಮ್ನೆ ಕೂತ್ಕೊಳ್ಳಿ. ಪ್ಯಾನೆಲ್ ದೀಪ ನಂಬಬೇಡಿ, ಕೆಲವೇ ಡಾಲರ್‌ಗೆ ಸಿಗುವ ವೋಲ್ಟ್‌ಮೀಟರ್ ಒಯ್ಯಿರಿ. ಪೂರ್ತಿ ಚಾರ್ಜ್ ಆದ ಮಾಮೂಲಿ ಬ್ಯಾಟರಿ, ವೈರ್ ತೆಗೆದು ಸ್ವಲ್ಪ ಹೊತ್ತಾದ ಮೇಲೂ 12.6 ಆಸುಪಾಸು ತೋರಿಸಬೇಕು. ಆ ಹದಿನೈದು ನಿಮಿಷದಲ್ಲೇ 12ಕ್ಕೆ ಇಳಿದರೆ ಬೇರೆ ಬ್ಯಾಟರಿ ಕೇಳಿ. ಎಮರ್ಜೆನ್ಸಿ ಸ್ಟಾರ್ಟ್ ಸ್ವಿಚ್ ಎಲ್ಲಿದೆ ಅಂತ ಕೈಯಲ್ಲಿ ಮುಟ್ಟಿಸಿಕೊಂಡೇ ಹೊರಡಿ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಎತ್ತರದ ಜಾಗದಲ್ಲಿ ಕರೆಂಟ್ ಇರುವ ಸೈಟೇ ತಗೊಳ್ಳಿ. ಗ್ರ್ಯಾಂಡ್ ಕ್ಯಾನಿಯನ್ ಒಳಗೆ ಅದು ಟ್ರೇಲರ್ ವಿಲೇಜ್, ಬೇಗ ತುಂಬಿಹೋಗುತ್ತೆ. ನಾವು ಎರಡನೇ ರಾತ್ರಿ ಗೇಟಿನ ಹೊರಗೆ ಟುಸಾಯನ್ ಊರಿಗೆ ಹೋಗಿ ಜಾಸ್ತಿ ದುಡ್ಡು ಕೊಟ್ಟು ಕರೆಂಟ್ ಸೈಟ್ ಹಿಡಿದೆವು. ಒಂದು ಡಾಲರೂ ದಂಡ ಅನ್ನಿಸಲಿಲ್ಲ.

ದುಡ್ಡಿನ ಮಾತು ಬಂದಿದ್ದಕ್ಕೆ ಹೇಳ್ತೀನಿ. ರಾತ್ರಿಗೆ 129 ಡಾಲರ್ ಅಂತ ನೋಡಿ ಬುಕ್ ಮಾಡಿದ್ದೆವು, ಅಂದರೆ 1,290. ಕೊನೆಯ ಬಿಲ್ 2,740. ಮೈಲಿಗೆ ಇಷ್ಟು, ಜನರೇಟರ್ ಗಂಟೆಗೆ ಇಷ್ಟು, ಹಾಸಿಗೆ ಹೊದಿಕೆಗೆ ತಲಾ ಇಷ್ಟು, ಪಾತ್ರೆಗೆ ಇಷ್ಟು, ಮೇಲೆ ವಿಮೆ, ತೆರಿಗೆ. ಪೆಟ್ರೋಲ್ ಬೇರೆ. ನಮ್ಮ 25 ಅಡಿ ಗಾಡಿ ಗ್ಯಾಲನ್‌ಗೆ ಒಂಬತ್ತು ಮೈಲಿ ಕೊಟ್ಟಿತು. ಗಾಡಿ ತಗೊಂಡಾಗ ಜನರೇಟರ್ ಮೀಟರಿನಲ್ಲಿ 421 ಗಂಟೆ ಇದ್ದರೆ ಅವರ ಹಾಳೆಯಲ್ಲಿ 412 ಅಂತ ಬರೆದಿದ್ದರು. ಹೊರಡುವ ಮುಂಚೆ ಮಗಳು ಸುಮ್ನೆ ಮೀಟರ್ ಫೋಟೋ ತೆಗೆದಿದ್ದಳು. ಅದನ್ನು ತೋರಿಸಿದ ಮೇಲೆ ಒಂಬತ್ತು ಗಂಟೆಯ ದುಡ್ಡು ಕಡಿಮೆ ಮಾಡಿದರು. ಬ್ಯಾಟರಿ ವಿಷಯಕ್ಕೆ ಮಾತ್ರ ಒಂದು ಕ್ಷಮೆಯೂ ಸಿಗಲಿಲ್ಲ. ಮೀಟರ್, ಟೈರ್, ಗೀಚು, ಎಲ್ಲದರ ಫೋಟೋ ತೆಗೆದುಕೊಳ್ಳಿ.

ಅಡುಗೆಗೆ ಕುಕ್ಕರ್ ಮನೆಯಿಂದಲೇ ಒಯ್ಯಿರಿ. 7,000 ಅಡಿ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತೆ. ಬರೀ ಪಾತ್ರೆಯಲ್ಲಿ ತೊಗರಿಬೇಳೆ ಬೇಯೋಕೆ ಬಹಳ ಹೊತ್ತು ಹಿಡಿಯುತ್ತೆ. ಒಗ್ಗರಣೆ ಹಾಕುವ ಮುಂಚೆ ಬಾಗಿಲು ತೆಗೆದು ಫ್ಯಾನ್ ಹಾಕಿ, ಇಲ್ಲದಿದ್ದರೆ ಹೊಗೆ ಅಲಾರಂ ಇಡೀ ಕ್ಯಾಂಪನ್ನು ಎಬ್ಬಿಸುತ್ತೆ.

ಪೇಜ್ ಊರಿನ ಆಂಟಿಲೋಪ್ ಕ್ಯಾನಿಯನ್ ನನಗೆ ಇಷ್ಟ ಆಗಲಿಲ್ಲ. ಅದು ಬಂಡೆಗಳ ನಡುವಿನ ಇಕ್ಕಟ್ಟಾದ ಕಣಿವೆ. ಬಂಡೆ ಚೆನ್ನಾಗಿದೆ, ಆದರೆ ಜಾತ್ರೆಯಲ್ಲಿ ತೇರಿನ ಹಿಂದೆ ಹೋದ ಹಾಗೆ ಒಬ್ಬರ ಬೆನ್ನು ಒಬ್ಬರು ನೋಡುತ್ತಾ ನಡೆಯಬೇಕು. ಅಪ್ಪ-ಅಮ್ಮನಿಗೆ ನಿಂತು ಉಸಿರಾಡಲೂ ಬಿಡುವಿರಲಿಲ್ಲ. ಗುಂಪು ಸಹಿಸುವವರು ಹೋಗಿ.

ಗಡಿಯಾರದ ಬಗ್ಗೆ ಹುಷಾರು. ಅರಿಜೋನಾ ರಾಜ್ಯ ಬೇಸಿಗೆಯಲ್ಲಿ ಗಡಿಯಾರ ಮುಂದೆ ಮಾಡಲ್ಲ, ಆದರೆ ಅದರೊಳಗೇ ಇರುವ ನವಾಹೋ ಅನ್ನೋ ಮೂಲನಿವಾಸಿ ಜನರ ಸೀಮೆ ಮಾಡುತ್ತೆ. ಪಕ್ಕದ ಯೂಟಾ ರಾಜ್ಯ ಕೂಡ ಮಾಡುತ್ತೆ. ನವೆಂಬರ್ ಮೊದಲ ಭಾನುವಾರದವರೆಗೆ ಪೇಜ್‌ನಲ್ಲಿ ಮೂರು ಗಂಟೆ ಆದರೆ ನವಾಹೋ ಸೀಮೆಯ ಮಾನ್ಯುಮೆಂಟ್ ವ್ಯಾಲಿಯಲ್ಲಿ ನಾಲ್ಕು. ನಾವು ನಾಲ್ಕರ ಜೀಪಿಗೆ ಬುಕ್ ಮಾಡಿ, ನಮ್ಮ ಕೈಗಡಿಯಾರದ ನಾಲ್ಕಕ್ಕೆ ಹೋಗಿ ನಿಂತೆವು. ಅಲ್ಲಿ ಐದು. ಜೀಪ್ ಹೋಗಿಯಾಗಿತ್ತು. ಅಲ್ಲಿನ 17 ಮೈಲಿ ಮಣ್ಣಿನ ದಾರಿಗೆ ಆರ್‌ವಿ ಬಿಡಲ್ಲ, ಜೀಪೇ ಗತಿ. ಜಾಗ ನವಾಹೋ ಜನರದ್ದು, ಹಾಗಾಗಿ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ನಡೆಯಲ್ಲ.

ಈಗ ಹ್ಯಾಚ್ ಬಗ್ಗೆ. ನ್ಯೂ ಮೆಕ್ಸಿಕೋದ ಪುಟ್ಟ ಊರು, ಆಲ್ಬುಕರ್ಕಿಯಿಂದ ದಕ್ಷಿಣಕ್ಕೆ ಐ-25 ಹೆದ್ದಾರಿಯಲ್ಲಿ ಮೂರು ಗಂಟೆ ದಾರಿ. ಇಡೀ ಊರೇ ಮೆಣಸಿನಕಾಯಿಗೆ ಹೆಸರುವಾಸಿ. ನಾನು ಈ ಪ್ರವಾಸ ನೆನೆಸಿಕೊಂಡರೆ ಮೊದಲು ಬರೋದು ಆ ಊರಿನ ವಾಸನೆ. ಗಾಡಿಯಿಂದ ಇಳಿದ ಕೂಡಲೇ ಅಮ್ಮ ನಿಂತುಬಿಟ್ಟರು. "ಇದು ಕೆಂಡದ ಮೇಲೆ ಸುಟ್ಟ ಮೆಣಸಿನಕಾಯಿ ಅಲ್ವಾ?" ಹೌದು. ಅಂಗಡಿ ಮುಂದೆ ಕಬ್ಬಿಣದ ಜಾಲರಿಯ ದೊಡ್ಡ ಪೀಪಾಯಿ, ಕೆಳಗೆ ಗ್ಯಾಸಿನ ಬೆಂಕಿ. ಒಂದು ಮೂಟೆ ಹಸಿರು ಮೆಣಸಿನಕಾಯಿ ಸುರಿದು ಪೀಪಾಯಿ ತಿರುಗಿಸುತ್ತಾರೆ. ಚಟಪಟ ಸದ್ದು. ಸಿಪ್ಪೆ ಕಪ್ಪಾಗಿ ಗುಳ್ಳೆ ಎದ್ದು, ಚೂರುಚೂರಾಗಿ ಗಾಳಿಯಲ್ಲಿ ಹಾರುತ್ತೆ. ಪಕ್ಕದಲ್ಲಿ ಕೆಂಪು ಮೆಣಸಿನಕಾಯಿಯ ಗೊಂಚಲುಗಳು, ನಮ್ಮಲ್ಲಿ ಈರುಳ್ಳಿ ಜಡೆ ಕಟ್ಟಿ ನೇತುಹಾಕಿದ ಹಾಗೆ.

ಪಕ್ಕದ ಷೆಡ್‌ನಲ್ಲಿ ಊಟ. ನಾಲ್ಕು ಪ್ಲಾಸ್ಟಿಕ್ ಮೇಜು, ಹಾಳೆಯಲ್ಲಿ ಕೈಯಲ್ಲಿ ಬರೆದ ಮೆನು. ಹುರುಳಿ ಬಣ್ಣದ ಬೀನ್ಸ್ ಬೇಯಿಸಿ ಅರೆದು, ಸುಟ್ಟ ಮೆಣಸಿನಕಾಯಿ ಉದ್ದುದ್ದ ಸೀಳಿ ಹಾಕಿ, ಬಿಸಿ ರೊಟ್ಟಿಯಲ್ಲಿ ಸುತ್ತಿ ಕೊಡುತ್ತಾರೆ. ನಾವು ಕೊಟ್ಟಿದ್ದು ಆರು ಡಾಲರ್. ಖಾರ ಮೊದಲು ನಾಲಿಗೆಗೆ ಬರಲ್ಲ, ಗಂಟಲಲ್ಲಿ ನಿಧಾನಕ್ಕೆ ಏರುತ್ತೆ. ಸಸ್ಯಾಹಾರಿಗಳು ಒಂದು ಮಾತು ಕೇಳಲೇಬೇಕು: ಬೀನ್ಸ್‌ಗೆ ಹಂದಿ ಕೊಬ್ಬು ಹಾಕುವ ರೂಢಿ ಇದೆ, ಗೋಧಿ ರೊಟ್ಟಿಗೂ ಇರಬಹುದು. "ಸಿನ್ ಮಾಂತೇಕಾ" ಅನ್ನಿ, ಕೊಬ್ಬು ಬೇಡ ಅಂತ. ನಾನು ಅಂದ ಕೂಡಲೇ ಆಕೆ ಒಳಗೆ ಹೋಗಿ ಬೇರೆ ಪಾತ್ರೆ ತಂದು ತೋರಿಸಿದರು, ಇದರಲ್ಲಿ ಎಣ್ಣೆ ಮಾತ್ರ ಅಂತ. ಅಪ್ಪನಿಗೆ ಮುಸುಕಿನ ಜೋಳದ ರೊಟ್ಟಿಯಲ್ಲಿ ಮಾಡಿಕೊಟ್ಟರು. ಮೂರು ದಿನದಿಂದ ಬ್ರೆಡ್ ನೋಡಿ ಮುಖ ಸಣ್ಣ ಮಾಡುತ್ತಿದ್ದ ಅಪ್ಪ ಇನ್ನೊಂದು ಕೇಳಿ ತಿಂದರು. ಅಮ್ಮ ಒಂದು ಚೀಲ ಸುಟ್ಟ ಕಾಯಿ ಕೊಂಡು, ಸಂಜೆ ಸಿಪ್ಪೆ ಸುಲಿದು, ಮೊಸರಿಗೆ ಹಾಕಿ ಸಾಸಿವೆ ಒಗ್ಗರಣೆ ಕೊಟ್ಟರು. ಸುಟ್ಟ ಬದನೆಕಾಯಿ ಮೊಸರು ಗೊಜ್ಜಿನ ತಂಗಿ ಅನ್ನಬಹುದು. ಆ ರಾತ್ರಿ ಅನ್ನಕ್ಕೆ ಬೇರೇನೂ ಬೇಕಾಗಲಿಲ್ಲ.

ಅಲ್ಲಿಂದ ವೈಟ್ ಸ್ಯಾಂಡ್ಸ್, ಬಿಳಿ ಮರಳು ದಿಬ್ಬಗಳ ರಾಷ್ಟ್ರೀಯ ಉದ್ಯಾನ. ಉದ್ಯಾನದೊಳಗೆ ಆರ್‌ವಿ ನಿಲ್ಲಿಸಿ ಮಲಗುವ ಜಾಗ ಇಲ್ಲ. ಅಲಮೊಗೋರ್ಡೋ ಹತ್ತಿರದ ಆಲಿವರ್ ಲೀ ಸ್ಟೇಟ್ ಪಾರ್ಕ್‌ನಲ್ಲಿ ಕರೆಂಟ್ ಸೈಟ್ ಸಿಗುತ್ತೆ, ನಾವು ಎರಡು ರಾತ್ರಿ ಇದ್ದೆವು. ಬಿಳಿ ಮರಳು ಜಿಪ್ಸಮ್, ಬಿಸಿಲಿಗೆ ಕಾಯಲ್ಲ. ಅಮ್ಮ ಮಧ್ಯಾಹ್ನ ಎರಡಕ್ಕೆ ಸೀರೆ ಎತ್ತಿಕಟ್ಟಿ ಬರಿಗಾಲಲ್ಲಿ ದಿಬ್ಬ ಹತ್ತಿದರು. ಜನ ಇದ್ದರೂ ಒಂದು ದಿಬ್ಬ ದಾಟಿದರೆ ಯಾರೂ ಕಾಣಲ್ಲ. ಪಕ್ಕದಲ್ಲಿ ಕ್ಷಿಪಣಿ ಪರೀಕ್ಷೆಯ ಜಾಗ ಇದೆ, ಪರೀಕ್ಷೆ ಇರುವಾಗ ಹೆದ್ದಾರಿ 70 ಸ್ವಲ್ಪ ಹೊತ್ತು ಮುಚ್ಚುತ್ತಾರೆ. ಹಿಂದಿನ ದಿನವೇ ನೋಡಿಕೊಳ್ಳಿ.

ಟೂಸಾನ್ ಕಡೆ ಬರುವಾಗ ಐ-10ರಲ್ಲಿ ಲಾರ್ಡ್ಸ್‌ಬರ್ಗ್ ಸುತ್ತ ಧೂಳಿನ ಗಾಳಿ ಏಳುತ್ತೆ. ಎತ್ತರದ ಗಾಡಿ ಪಕ್ಕಕ್ಕೆ ಎಳೆಯುತ್ತೆ, ನಿಧಾನಕ್ಕೆ ಓಡಿಸಿ. ಮುಂದೆ ಏನೂ ಕಾಣದಿದ್ದರೆ ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಿಸಿ, ಎಲ್ಲ ದೀಪ ಆರಿಸಿ, ಬ್ರೇಕ್ ಮೇಲಿನಿಂದ ಕಾಲು ತೆಗೆಯಿರಿ. ದೀಪ ಹತ್ತಿದ್ದರೆ ಹಿಂದಿನವರು ಅದೇ ರಸ್ತೆ ಅಂದುಕೊಂಡು ಬಂದು ಗುದ್ದುತ್ತಾರೆ.

ಊರಿನಿಂದ ಬಂದ ತಂದೆತಾಯಿ ಜೊತೆಗಿದ್ದರೆ ಇನ್ನೊಂದು. ಅಲಮೊಗೋರ್ಡೋದಿಂದ ಲಾಸ್ ಕ್ರೂಸಸ್‌ಗೆ ವಾಪಸ್ ಬರುವ ದಾರಿಯಲ್ಲಿ ಗಡಿ ಪೊಲೀಸರ ತಪಾಸಣೆ ಇದೆ. ನೀವು ದೇಶದ ಗಡಿ ದಾಟಿರದಿದ್ದರೂ ಕೇಳುತ್ತಾರೆ. ನಮ್ಮ ಪಾಸ್‌ಪೋರ್ಟುಗಳು ಹಿಂದಿನ ಹಾಸಿಗೆ ಕೆಳಗಿನ ಸೂಟ್‌ಕೇಸಿನಲ್ಲಿದ್ದವು. ಅಧಿಕಾರಿ ಕಿಟಕಿ ಪಕ್ಕ ಕಾಯುತ್ತಿರುವಾಗ ಅಮ್ಮ ಕೈ ನಡುಗಿಸುತ್ತಾ ಸೂಟ್‌ಕೇಸ್ ಬಿಚ್ಚಿದರು. ಅವರೇನೋ ಮರ್ಯಾದೆಯಿಂದಲೇ ನೋಡಿ ಕಳಿಸಿದರು. ಪಾಸ್‌ಪೋರ್ಟ್, ವೀಸಾ, ಅಮೆರಿಕಕ್ಕೆ ಬಂದ ದಾಖಲೆಯಾದ ಐ-94ರ ಪ್ರತಿ ಒಂದೇ ಕವರಿನಲ್ಲಿ ಹಾಕಿ, ಡ್ರೈವರ್ ಸೀಟಿನ ಪಕ್ಕದಲ್ಲೇ ಇಟ್ಟುಕೊಳ್ಳಿ.