ಬ್ಲಾಸ್ಟ್ ತೋರಿಸಿದ ಮೊದಲ ಹೆಸರನ್ನೇ ಬರೆದುಕೊಳ್ಳಬೇಡಿ

ರಾಯಚೂರಿನ ಒಂದು ಲ್ಯಾಬಿನಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಕೆಲಸ ನನ್ನದು. ಸಿಂಧನೂರು, ಗಂಗಾವತಿ ಕಡೆಯ ಕಾಲುವೆ ಕೆಳಗಿನ ಭತ್ತದ ಗದ್ದೆಗಳಿಂದ ಮಣ್ಣು ಬರುತ್ತದೆ. ನೀರು ನಿಂತು ನಿಂತು ಸವಳು-ಜವಳಾದ ಎರೆ ಭೂಮಿ ಅದು. ಅಂಥ ಉಪ್ಪಿನಲ್ಲೂ ಬದುಕಿ, ಬೆಳೆಗೆ ಸಿಗದ ರಂಜಕವನ್ನು ಕರಗಿಸಿ ಕೊಡುವ ಬ್ಯಾಕ್ಟೀರಿಯಾ ಹುಡುಕುತ್ತೇವೆ. ಕರಗದ ರಂಜಕ ಬೆರೆಸಿದ ಪಿಕೋವ್‌ಸ್ಕಾಯಾ ಮಾಧ್ಯಮದ ಬಿಳಿ ಪ್ಲೇಟಿನಲ್ಲಿ ಕಾಲೊನಿಯ (ಬ್ಯಾಕ್ಟೀರಿಯಾ ಬೆಳೆದ ಚುಕ್ಕೆಯ) ಸುತ್ತ ತಿಳಿಯಾದ ಉಂಗುರ ಕಂಡರೆ ರಂಜಕ ಕರಗಿದೆ ಅಂತ ಖುಷಿ. ಆಮೇಲೆ ಅದು ಯಾರು ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಡಿಎನ್‌ಎ ಸೀಕ್ವೆನ್ಸಿಂಗ್, ಅಂದರೆ ಡಿಎನ್‌ಎಯ ಎ, ಟಿ, ಸಿ, ಜಿ ಅಕ್ಷರಗಳ ಸಾಲನ್ನು ಓದಿಸುವುದು. ಆ ಸಾಲನ್ನು ಈಗಾಗಲೇ ದಾಖಲಾದ ಸಾಲುಗಳ ಜೊತೆ ಹೋಲಿಸಿ, ಹತ್ತಿರದ ಹೆಸರುಗಳನ್ನು ತೋರಿಸುವ ಕಂಪ್ಯೂಟರ್ ಪ್ರೋಗ್ರಾಮೇ ಬ್ಲಾಸ್ಟ್.

ಓದುವುದು 16ಎಸ್ ಅನ್ನುವ ಜೀನ್, ಸುಮಾರು 1,500 ಅಕ್ಷರ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದೆ. ಕೆಲವು ಭಾಗ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ, ಪ್ರೈಮರ್ (ಪ್ರತಿ ಮಾಡುವುದನ್ನು ಶುರು ಮಾಡಿಕೊಡುವ ಚಿಕ್ಕ ಡಿಎನ್‌ಎ ತುಣುಕು) ಅಲ್ಲಿ ಅಂಟುತ್ತದೆ. ನಡುವಿನ ಭಾಗಗಳು ಬೇರೆ ಬೇರೆ, ಗುರುತು ಸಿಗುವುದು ಅಲ್ಲಿ. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಈ ಜೀನಿನಿಂದ ಬರುವ ಆರ್‌ಎನ್‌ಎಯನ್ನೇ ಹೋಲಿಸಿ, ಜೀವಿಗಳಲ್ಲಿ ಆರ್ಕಿಯಾ ಎಂಬ ಬೇರೆಯೇ ಕವಲು ಇದೆ ಅಂತ ತೋರಿಸಿದ್ದು.

ಓದಿಸುವ ಮೊದಲು ಆ ಜೀನನ್ನು ಸಾಕಷ್ಟು ಪ್ರತಿ ಮಾಡಿಕೊಳ್ಳುವ ಪಿಸಿಆರ್ ಬಗ್ಗೆ ಒಂದೇ ಮಾತು: ಡಿಎನ್‌ಎ ಹಾಕದೆ ಬರೀ ನೀರು ಹಾಕಿದ ಟ್ಯೂಬ್ ಇರಲೇಬೇಕು. ಅದರಲ್ಲೂ ಬ್ಯಾಂಡ್ (ಡಿಎನ್‌ಎ ಇದೆ ಅಂತ ತೋರಿಸುವ ಗೆರೆ) ಬಂದರೆ ಎಲ್ಲಿಂದಲೋ ಬೇರೆ ಡಿಎನ್‌ಎ ಸೇರಿದೆ, ಆ ದಿನದ ಕೆಲಸ ಅಲ್ಲಿಗೇ ನಿಲ್ಲಿಸಿ.

ಹೊಸಬರು ಅವಸರ ಮಾಡುವುದು ಸೀಕ್ವೆನ್ಸ್ ಫೈಲ್ ಬಂದಾಗ. ಅಕ್ಷರಗಳನ್ನು ಕಾಪಿ ಮಾಡಿ ಸೀದಾ ಬ್ಲಾಸ್ಟ್‌ಗೆ ಹಾಕುತ್ತಾರೆ. ಮೊದಲು ಕ್ರೊಮ್ಯಾಟೊಗ್ರಾಮ್ ತೆರೆಯಿರಿ, ಒಂದೊಂದು ಅಕ್ಷರವನ್ನೂ ಒಂದೊಂದು ಬಣ್ಣದ ಶಿಖರವಾಗಿ ತೋರಿಸುವ ಚಿತ್ರ ಅದು. ಹಸಿರು ಎ, ಕೆಂಪು ಟಿ, ನೀಲಿ ಸಿ, ಕಪ್ಪು ಜಿ. ಶುರುವಿನ ಮೂವತ್ತು ನಲವತ್ತು ಅಕ್ಷರ ಕಲಸಿದ ರಂಗೋಲಿ ಹಾಗಿರುತ್ತದೆ, ಎಂಟುನೂರು ದಾಟಿದ ಮೇಲೂ ನಂಬಿಕೆ ಕಡಿಮೆ. ಎರಡೂ ಕಡೆ ಕತ್ತರಿಸಿ. ಒಂದೇ ಜಾಗದಲ್ಲಿ ಎರಡು ಶಿಖರ ಕಂಡರೆ ನಿಂತು ಯೋಚಿಸಿ. ಉದ್ದಕ್ಕೂ ಹಾಗೇ ಇದ್ದರೆ ಹೆಚ್ಚಾಗಿ ಕಾಲೊನಿ ಶುದ್ಧವಿಲ್ಲ, ಮತ್ತೆ ಸ್ಟ್ರೀಕ್ ಮಾಡಿ (ಹೊಸ ಪ್ಲೇಟಿನ ಮೇಲೆ ಗೆರೆ ಎಳೆದು ಬೇರೆ ಬೇರೆಯಾಗಿ ಬೆಳೆಸಿ). ಅಲ್ಲೊಂದು ಇಲ್ಲೊಂದು ಇದ್ದರೆ ಅದೇ ಬ್ಯಾಕ್ಟೀರಿಯಾದೊಳಗಿನ ಈ ಜೀನಿನ ಬೇರೆ ಬೇರೆ ಪ್ರತಿಗಳೂ ಇರಬಹುದು. ಇ. ಕೋಲೈನಲ್ಲಿ ಈ ಜೀನಿನ 7 ಪ್ರತಿಗಳಿವೆ, ಅವೆಲ್ಲ ಅಚ್ಚು ಹೊಡೆದ ಹಾಗೆ ಒಂದೇ ಇರಬೇಕು ಅಂತೇನಿಲ್ಲ.

ಇನ್ನು ಬ್ಲಾಸ್ಟ್. ಮೇಲಿನ ಹತ್ತು ಸಾಲಿನಲ್ಲಿ ನಾಲ್ಕು ಜಾತಿಯ ಹೆಸರು, ಎಲ್ಲಕ್ಕೂ ಒಂದೇ ಅಂಕ. ಯಾವುದು ಮೊದಲು ಬಂತೋ ಅದೇ ಉತ್ತರ ಅಂದುಕೊಂಡರೆ ಲಾಟರಿ ಆಗುತ್ತದೆ. ಬ್ಲಾಸ್ಟ್ ಹುಡುಕುವ ಸಾರ್ವಜನಿಕ ಭಂಡಾರವಾದ ಜೆನ್‌ಬ್ಯಾಂಕಿನಲ್ಲಿ ಸೀಕ್ವೆನ್ಸ್‌ಗೆ ಹೆಸರು ಕೊಡುವುದು ಅದನ್ನು ಹಾಕಿದವರೇ. ಅದಕ್ಕೇ ಟೈಪ್ ಸ್ಟ್ರೇನ್‌ಗಳ (ಒಂದು ಜಾತಿಯ ಹೆಸರಿಗೆ ಅಧಿಕೃತ ಮಾದರಿಯಾದ ತಳಿಗಳ) ಜೊತೆ ಮಾತ್ರ ಹೋಲಿಸಿ ಅಂತ ಹೇಳುತ್ತೇನೆ. ಹೋಲಿಕೆ ಶೇ. 98.7ಕ್ಕಿಂತ ಕಡಿಮೆ ಇದ್ದರೆ ಅದು ಬೇರೆ ಜಾತಿ ಇರಬಹುದು. ಜಾಸ್ತಿ ಇದ್ದ ಮಾತ್ರಕ್ಕೆ ಅದೇ ಜಾತಿ ಅಂತ ಅಲ್ಲ. ಈ ಎರಡನೇ ಮಾತು ಯಾಕೋ ಯಾರ ತಲೆಗೂ ಬೇಗ ಹೋಗುವುದಿಲ್ಲ.

ಅದು ಚೆನ್ನಾಗಿ ಗೊತ್ತಾಗುವುದು ಬ್ಯಾಸಿಲಸ್ ಸೀರಿಯಸ್ ಗುಂಪಿನಲ್ಲಿ. ಒಂದು ಕಾಲೊನಿಗೆ ಬ್ಲಾಸ್ಟ್ ಈ ಗುಂಪಿನ ಹೆಸರುಗಳನ್ನೇ ತೋರಿಸಿತ್ತು. ಆ ಮಣ್ಣು ತಂದಿದ್ದ ರೈತರೊಬ್ಬರು ಪರದೆ ನೋಡಿ ಕೇಳಿದರು, "ಇದು ನಮ್ಮ ಬಿಟಿ ಹತ್ತಿಯಾಗಿನ ಬಿಟಿನೇ ಏನ್ರೀ?" ಸರಿಯಾದ ಪ್ರಶ್ನೆ! ಬಿಟಿ ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್. ಅದರ ಜೀನ್ ಹಾಕಿದ ಹತ್ತಿಗೆ ನಮ್ಮ ದೇಶದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಹೊಟ್ಟೆ ಕೆಡಿಸುವ ಸೀರಿಯಸ್, ಆಂಥ್ರಾಕ್ಸ್ ತರುವ ಆಂಥ್ರಾಸಿಸ್ ಎರಡೂ ಅದರ ದಾಯಾದಿಗಳೇ. ಮೂರರ 16ಎಸ್ ಸುಮಾರಾಗಿ ಒಂದೇ. ಬರೀ ಆ ಜೀನ್ ನೋಡಿ ಯಾವುದು ಯಾವುದು ಅಂತ ಹೇಳಲು ಬರುವುದಿಲ್ಲ. ಬಿಟಿ ಹೌದೋ ಅಲ್ಲವೋ ನೋಡಲು ಸ್ಪೋರ್ ಆಗುವವರೆಗೆ ಬೆಳೆಸಿ ಸೂಕ್ಷ್ಮದರ್ಶಕದಲ್ಲಿ ಪ್ರೋಟೀನ್ ಹರಳು ಹುಡುಕಬೇಕು, ಇಲ್ಲವೇ ಆ ಹರಳಿನ ಪ್ರೋಟೀನ್ ಮಾಡಿಸುವ ಕ್ರೈ ಜೀನ್‌ಗೆ ಪಿಸಿಆರ್ ಮಾಡಬೇಕು.

ನೋಡಿದೆವು, ಹರಳು ಕಾಣಲಿಲ್ಲ. ರಿಪೋರ್ಟಿನಲ್ಲಿ "ಬ್ಯಾಸಿಲಸ್ ಸೀರಿಯಸ್ ಗುಂಪು" ಅಂತಷ್ಟೇ ಬರೆದೆ. ರಂಜಕ ಎಷ್ಟೇ ಚೆನ್ನಾಗಿ ಕರಗಿಸಲಿ, ಇಷ್ಟು ಅನುಮಾನ ಇಟ್ಟುಕೊಂಡು ಅದನ್ನು ಗದ್ದೆಗೆ ಕೊಡಲು ಆಗುವುದಿಲ್ಲ, ಪಟ್ಟಿಯಿಂದ ತೆಗೆದೆವು. ಅದೇ ಮಣ್ಣಿನಿಂದ ಬಂದ ಇನ್ನೊಂದು ಕಾಲೊನಿ ಸಬ್ಟಿಲಿಸ್ ಗುಂಪಿನದು. ಅಲ್ಲೂ 16ಎಸ್ ಸಾಲದು. ಹತ್ತಿರದ ಜಾತಿಗಳ ನಡುವೆ ಹೆಚ್ಚು ವ್ಯತ್ಯಾಸ ತೋರಿಸುವ ಜೈರ್‌ಬಿ ಎಂಬ ಇನ್ನೊಂದು ಜೀನ್ ಓದಿಸಲು ಕಳಿಸಿದ್ದೇವೆ.